ಗುರುತಿನ ಚೀಟಿಯಿಂದ ನೇಮಕಾತಿ ಆದೇಶದವರೆಗೆ: ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ವಿಕಲಚೇತನರಿಗೊಂದು ಸಮಗ್ರ ಮಾರ್ಗದರ್ಶಿ

ವಿಕಲಚೇತನರಿಗಿರುವ ಯೋಜನೆಗಳ ಹೆಸರು ಹೇಳುವವರಿಗೆ ನಮ್ಮ ಜಿಲ್ಲೆಗಳಲ್ಲಿ ಕೊರತೆಯಿಲ್ಲ. ಯಾವ ಕಾಗದವನ್ನು ಯಾರ ಮೇಜಿಗೆ, ಯಾವ ಕ್ರಮದಲ್ಲಿ ಕೊಡಬೇಕು, ಕೊಟ್ಟ ಮೇಲೆ ಉತ್ತರ ಬಾರದಿದ್ದರೆ ಮುಂದೇನು ಎಂಬುದನ್ನು ಬಿಡಿಸಿ ಹೇಳುವವರು ಮಾತ್ರ ವಿರಳ. ಈ ಮಾರ್ಗದರ್ಶಿಯನ್ನು ಆ ಕ್ರಮದಲ್ಲೇ ಬರೆಯಲಾಗಿದೆ. ಓದುವಾಗ ಒಂದು ಮಾತನ್ನು ನೆನಪಿನಲ್ಲಿಡಬೇಕು: ಏನನ್ನು ಕೇಳಿದರೂ ಬರವಣಿಗೆಯಲ್ಲಿ ಕೇಳಿ, ಆವಕ ಸಂಖ್ಯೆ ಹಾಕಿದ ಸ್ವೀಕೃತಿಯನ್ನು ಪಡೆಯಿರಿ, ನಿರಾಕರಿಸಿದರೆ ಹಿಂಬರಹ (ಕಾರಣ ತಿಳಿಸುವ ಲಿಖಿತ ಉತ್ತರ) ಕೊಡಿ ಎಂದು ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರವೇ ಸಿಗುತ್ತದೆ, ಅದರ ಮೇಲೆ ಮೇಲ್ಮನವಿ ಹೋಗಲು ಬರುವುದಿಲ್ಲ.

ಇಲ್ಲಿ ಹೇಳುವ ಬಹುತೇಕ ಹಕ್ಕುಗಳಿಗೆ ಆಧಾರ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ ಏಳು ಬಗೆಯ ವಿಕಲತೆಗಳನ್ನಷ್ಟೇ ಗುರುತಿಸಿತ್ತು. ಈಗ ಅವು 21. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಪಾರ್ಕಿನ್ಸನ್ಸ್, ಹಿಮೋಫಿಲಿಯಾ, ತಲಸ್ಸೇಮಿಯಾ, ಆಸಿಡ್ ದಾಳಿಯಿಂದಾದ ವಿಕಲತೆ ಮುಂತಾದವೂ ಈ ಪಟ್ಟಿಯಲ್ಲಿವೆ. ತಮ್ಮ ಸಮಸ್ಯೆ ಇದರೊಳಗೆ ಬರುವುದೇ ಇಲ್ಲವೆಂದು ಸುಮ್ಮನಿರುವ ಕುಟುಂಬಗಳು ಮೊದಲು ಈ ಪಟ್ಟಿಯನ್ನು ನೋಡುವುದು ಒಳಿತು.

ಮೊದಲ ಹೆಜ್ಜೆ: ಯುಡಿಐಡಿ ಕಾರ್ಡ್

ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಇಲ್ಲದೆ ಮುಂದಿನ ಯಾವ ಹೆಜ್ಜೆಯೂ ಸರಾಗವಾಗಿ ಸಾಗದು. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಮೊಬೈಲ್ ಮೂಲಕವೇ ಅರ್ಜಿ ಸಲ್ಲಿಸಬಹುದು. ಆಗದಿದ್ದವರು ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಬಹುದು. ಆಧಾರ್, ಭಾವಚಿತ್ರ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ವಿಳಾಸದ ದಾಖಲೆ ಇವಿಷ್ಟು ಬೇಕು. ಅರ್ಜಿ ತುಂಬುವ ಮುನ್ನ ಆಧಾರ್‌ನಲ್ಲಿರುವ ಹೆಸರು, ಶಾಲೆಯ ದಾಖಲೆಯಲ್ಲಿರುವ ಹೆಸರು ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಹೆಸರು ಮೂರನ್ನೂ ಹೋಲಿಸಿ ನೋಡಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ಣ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು ಸೇರಿರುವುದು ನಮ್ಮ ಕಡೆ ಸಾಮಾನ್ಯ. ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ಇದೇ ದೊಡ್ಡ ತೊಡಕಾಗುತ್ತದೆ. ತಿದ್ದುಪಡಿಯನ್ನು ಮೊದಲೇ ಮಾಡಿಸಿಕೊಂಡರೆ ಮುಂದೆ ಅಫಿಡವಿಟ್‌ಗಳ ಹಿಂದೆ ಓಡುವ ಕೆಲಸವಿರುವುದಿಲ್ಲ.

ಅರ್ಜಿಯ ನಂತರ ವೈದ್ಯಕೀಯ ತಪಾಸಣೆ. ಹಾಸನ ಜಿಲ್ಲೆಯವರಿಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಚಿಕ್ಕಮಗಳೂರು ಜಿಲ್ಲೆಯವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಮುಖ್ಯ ತಾಣಗಳು. ಎಲ್ಲ ವಿಭಾಗದ ತಜ್ಞರೂ ಎಲ್ಲ ದಿನವೂ ಪ್ರಮಾಣಪತ್ರದ ತಪಾಸಣೆಗೆ ಕೂರುವುದಿಲ್ಲವಾದ್ದರಿಂದ, ಶೃಂಗೇರಿ, ಕಳಸ, ಕೊಪ್ಪ, ಸಕಲೇಶಪುರದ ಕಡೆಯಿಂದ ಬರುವವರು ತಮಗೆ ಸಂಬಂಧಿಸಿದ ತಜ್ಞರ ದಿನವನ್ನು ಮೊದಲೇ ವಿಚಾರಿಸಿ ಹೊರಡಬೇಕು. ಆಷಾಢದ ಮಳೆಯಲ್ಲಿ ಘಾಟಿ ರಸ್ತೆಯ ಬಸ್ಸು ಹಿಡಿದು ಬಂದು, ವೈದ್ಯರಿಲ್ಲವೆಂದು ತಿರುಗಿ ಹೋಗುವುದು ಯಾರಿಗೂ ಬೇಡದ ಶಿಕ್ಷೆ. ಶ್ರವಣದೋಷ ಇರುವವರು ಹಿಂದಿನ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ) ವರದಿಯನ್ನೂ, ಬೌದ್ಧಿಕ ವಿಕಲತೆ ಅಥವಾ ಮಾನಸಿಕ ಅಸ್ವಸ್ಥತೆ ಇರುವವರು ಹಳೆಯ ಚಿಕಿತ್ಸೆಯ ಚೀಟಿಗಳನ್ನೂ ಒಯ್ಯಬೇಕು. ಶ್ರವಣ ಮತ್ತು ಮಾತಿಗೆ ಸಂಬಂಧಿಸಿದ ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಭಾಗಕ್ಕೆ ಹತ್ತಿರದ ದೊಡ್ಡ ಕೇಂದ್ರ.

ಪ್ರಮಾಣಪತ್ರದಲ್ಲಿ ಬರೆಯುವ ಶೇಕಡಾ ಪ್ರಮಾಣ ನಿರ್ಣಾಯಕ. ಶೇ. 40 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮೀಸಲಾತಿಯ ಅರ್ಹತೆ ಬರುತ್ತದೆ. 2024ರ ತಿದ್ದುಪಡಿ ನಿಯಮಗಳ ಪ್ರಕಾರ ಶೇ. 40ಕ್ಕಿಂತ ಕಡಿಮೆ ಇರುವವರಿಗೆ ಬಿಳಿ, 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ ಬಣ್ಣದ ಕಾರ್ಡ್ ಸಿಗುತ್ತದೆ. ಬಿಳಿ ಕಾರ್ಡ್ ಸಿಕ್ಕಿತೆಂದು ನಿರಾಶರಾಗಿ ಅದನ್ನು ಮೂಲೆಗೆ ಹಾಕಬೇಡಿ: ತಾರತಮ್ಯದ ವಿರುದ್ಧ ರಕ್ಷಣೆ ಮತ್ತು ಕೆಲಸದ ಸ್ಥಳದಲ್ಲಿ ಅಗತ್ಯ ಅನುಕೂಲ ಕೇಳುವ ಹಕ್ಕಿಗೆ ಶೇ. 40ರ ಗೆರೆ ಅಡ್ಡಬರುವುದಿಲ್ಲ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. ಅದರ ವಿರುದ್ಧ ಸೆಕ್ಷನ್ 59ರಡಿ ಮೇಲ್ಮನವಿ ಸಲ್ಲಿಸಬಹುದು. ಒಮ್ಮೆ ಪಡೆದ ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ.

ಎರಡನೆಯ ಹೆಜ್ಜೆ: ಊರಿನಲ್ಲೇ ಸಿಗುವ ನೆರವು

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರನ್ನು ಜನ ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎಂದೇ ಕರೆಯುವುದು. ಗೌರವಧನದ ಮೇಲೆ ದುಡಿಯುವ ಇವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಅರ್ಜಿ ಎಲ್ಲಿ ನಿಂತಿದೆ ಎಂಬುದು ಜಿಲ್ಲಾ ಕಚೇರಿಗಿಂತ ಮೊದಲು ಇವರಿಗೆ ತಿಳಿದಿರುತ್ತದೆ. ಇವರ ಮೇಲಿನ ಅಧಿಕಾರಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ. ಗಾಲಿಕುರ್ಚಿ, ಶ್ರವಣ ಸಾಧನ, ಹೊಲಿಗೆ ಯಂತ್ರ, ಅಂಧ ವಿದ್ಯಾರ್ಥಿಗಳ ಟಾಕಿಂಗ್ ಲ್ಯಾಪ್‌ಟಾಪ್, ವಿದ್ಯಾರ್ಥಿವೇತನ ಮೊದಲಾದವು ಇಲಾಖೆಯ ಮೂಲಕ ಬರುತ್ತವೆ. ಅರ್ಜಿ ಆಹ್ವಾನಿಸುವ ಅವಧಿ ಚಿಕ್ಕದಾಗಿರುವುದರಿಂದ ಆದಾಯ ಮತ್ತು ಜಾತಿ ಪ್ರಮಾಣಪತ್ರಗಳನ್ನು ಸದಾ ಚಾಲ್ತಿಯಲ್ಲಿಟ್ಟುಕೊಂಡಿರಬೇಕು.

ಮಾಸಾಶನ ಕಂದಾಯ ಇಲಾಖೆಯದು. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಕುಟುಂಬದ ಆದಾಯಕ್ಕೆ ಮಿತಿಯಿದೆ, ವಿಕಲತೆಯ ಪ್ರಮಾಣ ಹೆಚ್ಚಿದಂತೆ ಮೊತ್ತವೂ ಹೆಚ್ಚುತ್ತದೆ.

ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್‌ಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. ಇದು ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ಅನ್ವಯಿಸುವುದರಿಂದ ಹಾಸನ, ಚಿಕ್ಕಮಗಳೂರು ನಡುವಿನ ಓಡಾಟಕ್ಕೆ ಸಾಕು. ಹಾಸನದಿಂದ ಮೈಸೂರಿಗೆ ಸಾಲದು. ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆಯಲ್ಲಿ ಉಚಿತ ಪ್ರಯಾಣವಿರುವುದರಿಂದ ಅವರು ಈ ಪಾಸ್‌ಗಾಗಿ ಅಲೆಯುವ ಅಗತ್ಯ ಬಹುಮಟ್ಟಿಗೆ ಇಲ್ಲ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆ ಇರುವವರ ಪೋಷಕರು ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯನ್ನು ಮಾಡಿಸಬಹುದು. ಇದರ ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ. ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಮುಂದುವರಿಯುವುದಿಲ್ಲ ಎಂಬುದು ಹಲವರಿಗೆ ತಿಳಿಯುವುದು ಬ್ಯಾಂಕ್ ಖಾತೆಯ ವಿಷಯದಲ್ಲಿ ತಡೆ ಬಿದ್ದಾಗಲೇ. ಇದಕ್ಕೆ ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವದ ಆದೇಶ ಪಡೆಯಬೇಕು.

ಮೂರನೆಯ ಹೆಜ್ಜೆ: ಸರ್ಕಾರಿ ಉದ್ಯೋಗ

ಸೆಕ್ಷನ್ 34ರ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರಷ್ಟು ಮೀಸಲಾತಿ ಇದೆ. ದೃಷ್ಟಿದೋಷದವರಿಗೆ ಶೇ. 1, ಶ್ರವಣದೋಷದವರಿಗೆ ಶೇ. 1, ಚಲನ ವೈಕಲ್ಯದ ಗುಂಪಿಗೆ ಶೇ. 1, ಉಳಿದ ಶೇ. 1 ಆಟಿಸಂ, ಬೌದ್ಧಿಕ ವಿಕಲತೆ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಕಲತೆ ಇರುವವರಿಗೆ. ಕರ್ನಾಟಕದಲ್ಲಿ ಗ್ರೂಪ್ ಸಿ ಮತ್ತು ಡಿ ಹುದ್ದೆಗಳಿಗೆ ಈ ಪ್ರಮಾಣ ಶೇ. 5, ವಯೋಮಿತಿಯಲ್ಲಿ 10 ವರ್ಷಗಳ ಸಡಿಲಿಕೆಯೂ ಇದೆ. ಅಂಚೆ, ರೈಲ್ವೆ, ಬ್ಯಾಂಕ್‌ಗಳು ಮಾತ್ರವಲ್ಲ, ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಂಥ ಕೇಂದ್ರ ಸರ್ಕಾರಿ ಸಂಸ್ಥೆಗಳಿಗೂ ಕಾಯ್ದೆ ಅನ್ವಯಿಸುತ್ತದೆ.

ಅಧಿಸೂಚನೆ ಹೊರಟಾಗ ಮೊದಲು ನೋಡಬೇಕಾದದ್ದು ಒಟ್ಟು ಹುದ್ದೆಗಳ ಸಂಖ್ಯೆಯನ್ನಲ್ಲ, ಆ ಹುದ್ದೆಗೆ ನಿಮ್ಮ ಬಗೆಯ ವಿಕಲತೆಯನ್ನು ಗುರುತಿಸಲಾಗಿದೆಯೇ ಎಂಬುದನ್ನು. ಕೇಂದ್ರ ಸರ್ಕಾರ 2021ರ ಜನವರಿ 4ರಂದು ಪ್ರಕಟಿಸಿದ ಪಟ್ಟಿಯಲ್ಲಿ 3,566 ಹುದ್ದೆಗಳನ್ನು ಹೀಗೆ ಗುರುತಿಸಲಾಗಿದೆ. ಒಂದು ವರ್ಷ ಸೂಕ್ತ ಅಭ್ಯರ್ಥಿ ಸಿಗದಿದ್ದರೆ ಹುದ್ದೆಯನ್ನು ಮುಂದಿನ ನೇಮಕಾತಿ ವರ್ಷಕ್ಕೆ ಒಯ್ಯಬೇಕು. ಆಗಲೂ ಸಿಗದಿದ್ದರೆ ವಿಕಲಚೇತನರ ಬೇರೆ ಗುಂಪಿನವರಿಗೆ ಕೊಡಬೇಕು. ಅದೂ ಆಗದಿದ್ದಾಗ ಮಾತ್ರ ಇತರರಿಗೆ. ಈ ಕ್ರಮ ಪಾಲನೆಯಾಗಿದೆಯೇ ಎಂಬ ಅನುಮಾನವಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಸಂಬಂಧಪಟ್ಟ ವೃಂದದ ರೋಸ್ಟರ್ ವಹಿಯ (ಯಾವ ಹುದ್ದೆ ಯಾವ ಮೀಸಲಾತಿಗೆ ಎಂದು ದಾಖಲಿಸುವ ಪುಸ್ತಕ) ಪ್ರತಿಯನ್ನೇ ಕೇಳಬೇಕು. "ಎಷ್ಟು ಹುದ್ದೆ ಖಾಲಿ ಇದೆ" ಎಂಬ ಸಡಿಲ ಪ್ರಶ್ನೆಗೆ ಸಡಿಲ ಉತ್ತರ ಬರುತ್ತದೆ. ರೋಸ್ಟರ್ ಪ್ರತಿ ಕೇಳಿದರೆ ಬಿಂದುವಾರು ವಿವರ ಕಣ್ಣೆದುರಿಗೆ ಬರುತ್ತದೆ.

ಪರೀಕ್ಷೆಗೆ ಲಿಪಿಕಾರರು (ಅಭ್ಯರ್ಥಿ ಹೇಳಿದ ಉತ್ತರವನ್ನು ಬರೆಯುವವರು) ಬೇಕಿದ್ದರೆ ಅರ್ಜಿ ಸಲ್ಲಿಸುವಾಗಲೇ ನಮೂದಿಸಿ. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಶೇ. 40ರ ಗೆರೆ ಮುಟ್ಟದಿದ್ದರೂ ಬರೆಯಲಾಗದವರಿಗೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ವಿಕಾಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಈಗಾಗಲೇ ಸರ್ಕಾರಿ ಸೇವೆಯಲ್ಲಿದ್ದು ಅಪಘಾತ ಅಥವಾ ಕಾಯಿಲೆಯಿಂದ ವಿಕಲಚೇತನರಾದವರನ್ನು ಸೆಕ್ಷನ್ 20ರ ಪ್ರಕಾರ ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು. ಯಾರೋ ಒತ್ತಾಯಿಸಿದರೆಂದು ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕುವ ಮುನ್ನ ಈ ಸೆಕ್ಷನ್ನನ್ನು ಒಮ್ಮೆ ಓದಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಖಾಸಗಿ ಕೆಲಸ ಮತ್ತು ಅನುಕೂಲ ಕೇಳುವ ಪತ್ರ

ನಮ್ಮ ಎರಡು ಜಿಲ್ಲೆಗಳಲ್ಲಿ ಸರ್ಕಾರಿ ಹುದ್ದೆಗಾಗಿ ಕಾಯುವವರ ಸಾಲು ಉದ್ದವಿದೆ, ಆದರೆ ಕೆಲಸವಿರುವುದು ಬೇರೆ ಕಡೆಗಳಲ್ಲೂ ಹೌದು: ಹಾಸನದ ಸಿದ್ಧ ಉಡುಪು ಘಟಕಗಳು, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು, ತೋಟಗಳ ಲೆಕ್ಕಪತ್ರದ ಕಚೇರಿಗಳು, ಮೂಡಿಗೆರೆ, ಸಕಲೇಶಪುರದ ಹೋಂಸ್ಟೇಗಳ ಬುಕಿಂಗ್ ಕೆಲಸ, ಬೇಲೂರು, ಹಳೇಬೀಡಿನ ಪ್ರವಾಸೋದ್ಯಮ. 20 ಅಥವಾ ಹೆಚ್ಚು ನೌಕರರಿರುವ ಪ್ರತಿ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಅದರಲ್ಲಿ ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳು, ಸೌಕರ್ಯಗಳು ಮತ್ತು ಸಂಪರ್ಕಾಧಿಕಾರಿಯ ವಿವರ ಇರಬೇಕು. ಕೆಲಸ ಕೇಳಲು ಹೋಗುವ ಮುನ್ನ ಈ ನೀತಿಯ ಪ್ರತಿಯನ್ನು ಕೇಳಿ. ಪ್ರತಿ ಇಲ್ಲದಿದ್ದರೂ, ಕೇಳಿದ್ದರಿಂದಲೇ ಎದುರಿನವರ ಮಾತಿನ ಧಾಟಿ ಬದಲಾಗುತ್ತದೆ.

ಕಾಯ್ದೆಯ ಅತ್ಯಂತ ಉಪಯುಕ್ತ ಭಾಗ ನನ್ನ ಅಭಿಪ್ರಾಯದಲ್ಲಿ ಮೀಸಲಾತಿಯಲ್ಲ, ಸಮಂಜಸ ಅನುಕೂಲತೆ. ಸಂಸ್ಥೆಗೆ ಹೊರಲಾಗದ ಹೊರೆಯಾಗದಂತೆ, ಆ ವ್ಯಕ್ತಿ ಇತರರಷ್ಟೇ ಸಮನಾಗಿ ಕೆಲಸ ಮಾಡಲು ಬೇಕಾದ ಬದಲಾವಣೆಯನ್ನು ಮಾಡಿಕೊಡುವುದೇ ಇದರ ಸಾರ. ಅದನ್ನು ನಿರಾಕರಿಸುವುದು ತಾರತಮ್ಯವೆಂದೇ ಕಾಯ್ದೆ ಹೇಳುತ್ತದೆ. ಹೆಚ್ಚಿನ ಬದಲಾವಣೆಗಳಿಗೆ ಹಣವೇ ಬೇಕಿಲ್ಲ. ಕಾಲಿನ ವಿಕಲತೆ ಇರುವವರಿಗೆ ನೆಲಮಹಡಿಯ ಕುರ್ಚಿ, ಹಳ್ಳಿಯ ಒಂದೇ ಬಸ್ಸಿಗೆ ಹೊಂದುವಂತೆ ಅರ್ಧ ಗಂಟೆ ಆಚೀಚಿನ ಪಾಳಿ, ಶ್ರವಣದೋಷದವರಿಗೆ ಬಾಯಿಮಾತಿನ ಬದಲು ವಾಟ್ಸ್‌ಆ್ಯಪ್‌ನಲ್ಲಿ ಬರೆದ ಸೂಚನೆ ಅಥವಾ ಕನ್ನಡ ಮಾತನ್ನು ಅಕ್ಷರವಾಗಿಸಿ ತೋರಿಸುವ ಉಚಿತ ಆ್ಯಪ್, ಬೌದ್ಧಿಕ ವಿಕಲತೆ ಇರುವವರಿಗೆ ಒಂದೊಂದೇ ಹಂತವನ್ನು ಚಿತ್ರದಲ್ಲಿ ತೋರಿಸುವ ಫಲಕ ಇಂಥವೇ ಸಾಕಾಗುತ್ತವೆ.

ಅಂಧರಿಗೆ ಕಂಪ್ಯೂಟರ್ ಕೆಲಸ ಆಗದೆಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುತ್ತದೆ, ಮೊಬೈಲ್‌ನಲ್ಲಿ ಟಾಕ್‌ಬ್ಯಾಕ್ ಅದನ್ನೇ ಮಾಡುತ್ತದೆ. ಆದರೆ ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚಿಸಿದ ಕಡತವನ್ನು ಇವು ಓದಲಾರವು. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ ಕಂಡರೂ ಕಿವಿಗೆ ಅರ್ಥವಿಲ್ಲದ ಅಕ್ಷರಗಳ ಸಾಲು ಕೇಳುತ್ತದೆ. ಸ್ಕ್ಯಾನ್ ಮಾಡಿದ ಸುತ್ತೋಲೆಗಳ ಕತೆಯೂ ಅದೇ. ಆದ್ದರಿಂದ ಕಚೇರಿ ಕೆಲಸಕ್ಕೆ ಸೇರುವ ದೃಷ್ಟಿದೋಷದವರು ತಮ್ಮ ಮೊದಲ ಪತ್ರದಲ್ಲೇ "ಎಲ್ಲ ಕಡತಗಳನ್ನೂ ಯೂನಿಕೋಡ್ ಕನ್ನಡದಲ್ಲಿ ಒದಗಿಸಬೇಕು" ಎಂಬ ಒಂದು ಸಾಲನ್ನು ಸೇರಿಸಲೇಬೇಕು. ಖರ್ಚಿಲ್ಲದ ಈ ಒಂದು ಬದಲಾವಣೆ ಇಡೀ ಕೆಲಸವನ್ನು ಸಾಧ್ಯವಾಗಿಸುತ್ತದೆ.

ಪತ್ರ ಚಿಕ್ಕದಾಗಿರಲಿ, ಕರುಣೆ ಕೋರುವ ಮಾತು ಬೇಡ. ಒಂದು ಮಾದರಿ ಹೀಗಿದೆ:

"ಮಾನ್ಯರೇ, ಲೆಕ್ಕ ಸಹಾಯಕ ಹುದ್ದೆಯ ಸಂದರ್ಶನಕ್ಕೆ ನನ್ನನ್ನು ಕರೆದಿದ್ದೀರಿ. ನನಗೆ ಶೇ. 60ರಷ್ಟು ಚಲನ ವೈಕಲ್ಯವಿದ್ದು, ಯುಡಿಐಡಿ ಕಾರ್ಡಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಸಂದರ್ಶನದ ಕೊಠಡಿ ಎರಡನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲವಾದ್ದರಿಂದ, ಅದನ್ನು ನೆಲಮಹಡಿಯಲ್ಲಿ ನಡೆಸಬೇಕೆಂದು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಸಮಂಜಸ ಅನುಕೂಲತೆಯ ಅವಕಾಶದಡಿ ಕೋರುತ್ತೇನೆ. ತಮ್ಮ ಉತ್ತರವನ್ನು ಸಂದರ್ಶನಕ್ಕೆ ಮೊದಲು ಬರವಣಿಗೆಯಲ್ಲಿ ತಿಳಿಸಬೇಕಾಗಿ ವಿನಂತಿ."

ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೂ ದಾಖಲೆಯಾಗುತ್ತದೆ. ಆಯ್ಕೆಯಾದ ಮೇಲೆ ಇದೇ ಮಾದರಿಯಲ್ಲಿ ಕೆಲಸದ ಸ್ಥಳದ ಅನುಕೂಲಗಳನ್ನೂ ಕೇಳಿ, ಎರಡು ಅಥವಾ ಮೂರಕ್ಕಿಂತ ಹೆಚ್ಚು ಬೇಡಿಕೆಗಳನ್ನು ಒಂದೇ ಪತ್ರದಲ್ಲಿ ತುರುಕದಿರಿ.

ಸ್ವಂತ ಉದ್ಯೋಗ ಬಯಸುವವರಿಗೆ ರಾಜ್ಯದ ಆಧಾರ ಯೋಜನೆ ಮತ್ತು ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ಮತ್ತು ಅಭಿವೃದ್ಧಿ ನಿಗಮದ ಸಾಲ ಇವೆ. ತರಬೇತಿಗೆ ಪಿಎಂ ದಕ್ಷ್ ಪೋರ್ಟಲ್‌ನಲ್ಲಿ, ಖಾಸಗಿ ಉದ್ಯೋಗಾವಕಾಶಕ್ಕೆ ರಾಷ್ಟ್ರೀಯ ವೃತ್ತಿ ಸೇವೆ ಪೋರ್ಟಲ್‌ನಲ್ಲಿ ನೋಂದಾಯಿಸಬಹುದು. ಸಾಲಕ್ಕೆ ಕೈಹಾಕುವ ಮುನ್ನ ಊರಿನಲ್ಲಿ ಮತ್ತೊಂದು ಝೆರಾಕ್ಸ್ ಅಂಗಡಿ ನಡೆಯುವುದೇ ಎಂದು ಲೆಕ್ಕ ಹಾಕಿ ನೋಡಬೇಕು. ವಿಕಲಚೇತನರೆಂದರೆ ಝೆರಾಕ್ಸ್ ಅಂಗಡಿ ಅಥವಾ ಹೊಲಿಗೆ ಯಂತ್ರ ಎಂದು ಯೋಚಿಸದೆ ಸಲಹೆ ಕೊಡುವವರು ಬಹಳ.

ಐದನೆಯ ಹೆಜ್ಜೆ: ದೂರು

ಸರ್ಕಾರಿ ಕಚೇರಿಯಾದರೆ ಮೊದಲು ಅಲ್ಲಿನ ಕುಂದುಕೊರತೆ ಪರಿಹಾರ ಅಧಿಕಾರಿಗೆ ಸೆಕ್ಷನ್ 23ರಡಿ ದೂರು ಕೊಡಬೇಕು. ಫಲ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಬಹುದು. ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ. ಮೇಲೆ ಹೇಳಿದ ಸ್ವೀಕೃತಿ, ಹಿಂಬರಹಗಳಿಗೆ ಬೆಲೆ ಬರುವುದು ಇಲ್ಲಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಒದಗಿಸುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ವಿಕಲಚೇತನರನ್ನು ಪ್ರತ್ಯೇಕವಾಗಿ ಹೆಸರಿಸಿರುವುದರಿಂದ ಆದಾಯ ಮಿತಿಯ ಪ್ರಶ್ನೆ ಬರುವುದಿಲ್ಲ. 15100 ಸಂಖ್ಯೆಗೆ ಕರೆ ಮಾಡಿ ಮಾಹಿತಿ ಪಡೆಯಬಹುದು. ಸಾರ್ವಜನಿಕರೆದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದು ಸೆಕ್ಷನ್ 92ರಡಿ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆಯಿದೆ.

ಆರನೆಯ ಹೆಜ್ಜೆ: ಮಾಧ್ಯಮದ ಎದುರು

ಉದ್ಯೋಗದ ಮಾತಿನ ನಡುವೆ ಮಾಧ್ಯಮ ಏಕೆ ಎಂದರೆ, ಕೆಲಸ ಕೊಡುವವರ ಮನಸ್ಸಿನಲ್ಲಿರುವ ಚಿತ್ರ ರೂಪುಗೊಳ್ಳುವುದು ಪತ್ರಿಕೆ, ಟಿವಿಗಳಲ್ಲೇ. ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನದ ಆಸುಪಾಸಿನ ಸ್ಥಳೀಯ ವರದಿಗಳಲ್ಲಿ ಮುಖ್ಯವಾಗಿ ಎರಡು ಬಗೆ ಕಾಣುತ್ತವೆ: ನೆರವು ಕೋರುವ ಕಣ್ಣೀರಿನ ಕತೆ, ಇಲ್ಲವೇ ಎಲ್ಲವನ್ನೂ ಮೆಟ್ಟಿ ನಿಂತ ಸಾಧಕರ ಕತೆ. ಎಂಟು ಗಂಟೆ ದುಡಿದು ಸಂಬಳ ಎಣಿಸುವ ವಿಕಲಚೇತನರು ಈ ಎರಡರ ನಡುವೆ ಕಾಣೆಯಾಗುತ್ತಾರೆ.

ಸಾಧಕರ ಕತೆಗಳಿಗೆ ನಮ್ಮಲ್ಲಿ ಬರವಿಲ್ಲ ಎಂಬುದೂ ನಿಜ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಏಕೈಕ ಪದಕ, ಎತ್ತರ ಜಿಗಿತದ ಬೆಳ್ಳಿ, ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರದು. ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಹುಟ್ಟಿದ್ದು ಹಾಸನದಲ್ಲಿ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಏಷ್ಯನ್ ಪ್ಯಾರಾ ಕ್ರೀಡಾಕೂಟದ 1,500 ಮೀಟರ್ ಓಟದಲ್ಲಿ ಚಿನ್ನ ಗೆದ್ದವರು. ಅವರು ಸ್ಪರ್ಧಿಸುವ, ಅಂಧರಿಗಾಗಿ ಇರುವ ಟಿ11 ವಿಭಾಗದಲ್ಲಿ ಓಟಗಾರರ ಜತೆಗೆ ದಾರಿ ತೋರುವ ಗೈಡ್ ಒಬ್ಬರು ಓಡುತ್ತಾರೆ. ಛಲದ ಕತೆಯನ್ನಷ್ಟೇ ಬರೆದು ಗೈಡ್ ಬಗ್ಗೆ ಒಂದು ಸಾಲನ್ನೂ ಬರೆಯದಿದ್ದರೆ, ಸೂಕ್ತ ವ್ಯವಸ್ಥೆಯಿಂದ ಏನು ಸಾಧ್ಯ ಎಂಬ ಮುಖ್ಯ ಸಂಗತಿಯೇ ವರದಿಯಿಂದ ಬಿಟ್ಟುಹೋಗುತ್ತದೆ. ಕಚೇರಿಯ ನೆಲಮಹಡಿಯ ಕುರ್ಚಿಯೂ ಯೂನಿಕೋಡ್ ಕಡತವೂ ಮಾಡುವುದು ಇದೇ ಕೆಲಸವನ್ನು.

ವರದಿಗಾರರು ನಿಮ್ಮನ್ನು ಮಾತನಾಡಿಸಲು ಬಂದರೆ ಮೊದಲೇ ಕೆಲವು ವಿಷಯಗಳನ್ನು ಸ್ಪಷ್ಟಪಡಿಸಿಕೊಳ್ಳಿ. ಯಾವ ಚಿತ್ರ ಬಳಸುತ್ತಾರೆ, ಚಿಕಿತ್ಸೆಯ ವಿವರ ಬರೆಯುತ್ತಾರೆಯೇ, ಮನೆಯ ಬಡತನವನ್ನು ತೋರಿಸುತ್ತಾರೆಯೇ ಎಂದು ಕೇಳುವುದು ಅಸಭ್ಯತೆಯಲ್ಲ. ಜತೆಗಿದ್ದವರಿಗೆ ಪ್ರಶ್ನೆ ಹಾಕಿದರೆ "ನನ್ನನ್ನೇ ಕೇಳಿ" ಎಂದು ಹೇಳಿ. ನೀವು ಮಾಡುವ ಕೆಲಸದ ವಿವರವನ್ನು, ಅದಕ್ಕೆ ಬೇಕಾದ ಅನುಕೂಲ ಸಿಕ್ಕಿದೆಯೇ ಇಲ್ಲವೇ ಎಂಬುದನ್ನು ನೀವಾಗಿಯೇ ಮುಂದಿಡಿ. ನೀವು ತರಿಸಿಕೊಂಡ ರೋಸ್ಟರ್ ಪ್ರತಿಯಲ್ಲಿ ಬ್ಯಾಕ್‌ಲಾಗ್ (ಭರ್ತಿಯಾಗದೆ ಉಳಿದ) ಹುದ್ದೆಗಳು ಕಂಡರೆ ಅದನ್ನು ಜಿಲ್ಲಾ ವರದಿಗಾರರ ಕೈಗೆ ಕೊಡಿ; ಹತ್ತು ಸಾಧಕರ ಲೇಖನಗಳಿಗಿಂತ ಆ ಒಂದು ಸುದ್ದಿ ಹೆಚ್ಚು ಮನೆಗಳಿಗೆ ನೆರವಾಗಬಲ್ಲದು. ಹಾಸನದ ಆಕಾಶವಾಣಿಯಂಥ ಸ್ಥಳೀಯ ಕೇಂದ್ರಗಳಿಗೆ ಉದ್ಯೋಗ ಮಾಹಿತಿಯ ಕಾರ್ಯಕ್ರಮ ಸೂಚಿಸಿ ಪತ್ರ ಬರೆಯಬಹುದು. ಸ್ಥಳೀಯ ವಿಡಿಯೊ ಸುದ್ದಿ ನಡೆಸುವವರನ್ನು ಅಡಿಬರಹ ಹಾಕುವಂತೆ ಕೇಳಬೇಕು, ಏಕೆಂದರೆ ಶ್ರವಣದೋಷದವರಿಗೆ ಅದಿಲ್ಲದ ಸುದ್ದಿ ಸುದ್ದಿಯೇ ಅಲ್ಲ.

ಹಾಸ್ಯದ ಹೆಸರಿನ ಅಪಹಾಸ್ಯದ ಬಗ್ಗೆ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು, ಹಿಂದಿ ಚಿತ್ರವೊಂದರ ವಿರುದ್ಧ ನಿಪುಣ್ ಮಲ್ಹೋತ್ರಾ ಅವರು ಹೂಡಿದ್ದ ಪ್ರಕರಣದಲ್ಲಿ, ಸ್ಪಷ್ಟ ಮಾರ್ಗಸೂಚಿ ಕೊಟ್ಟಿದೆ. ವಿಕಲತೆಯನ್ನು ಅರ್ಥಮಾಡಿಸುವ ಹಾಸ್ಯವನ್ನೂ ವಿಕಲಚೇತನರನ್ನು ಕುಗ್ಗಿಸುವ ಹಾಸ್ಯವನ್ನೂ ನ್ಯಾಯಾಲಯ ಬೇರೆ ಮಾಡಿ ನೋಡಿತು. ಹೀಯಾಳಿಸುವ ಪದಗಳನ್ನು ಬಿಡಬೇಕು, ವಿಕಲಚೇತನರ ಅಭಿಪ್ರಾಯ ಪಡೆದೇ ಪಾತ್ರಗಳನ್ನು ರೂಪಿಸಬೇಕು ಎಂದಿತು. ಊರಿನ ನಾಟಕ ತಂಡದವರಿಗೂ ಯೂಟ್ಯೂಬ್‌ನಲ್ಲಿ ಕಾಮಿಡಿ ಮಾಡುವವರಿಗೂ ಇದನ್ನು ತೋರಿಸಬಹುದು.

ಆಕ್ಷೇಪಾರ್ಹ ಪ್ರಸಾರ ಕಂಡರೆ ವಾಹಿನಿಯ ಹೆಸರು, ದಿನಾಂಕ, ಸಮಯವನ್ನು ಬರೆದಿಟ್ಟುಕೊಂಡು, ಸಾಧ್ಯವಾದರೆ ಆ ಭಾಗವನ್ನು ಉಳಿಸಿಕೊಂಡು, ಮೊದಲು ವಾಹಿನಿಯ ಕುಂದುಕೊರತೆ ಅಧಿಕಾರಿಗೆ ದೂರು ಕಳಿಸಬೇಕು. ಕೇಬಲ್ ಟಿವಿ ಜಾಲಗಳ 2021ರ ತಿದ್ದುಪಡಿ ನಿಯಮಗಳಂತೆ ವಾಹಿನಿ 15 ದಿನಗಳಲ್ಲಿ ನಿರ್ಧಾರ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವನಿಯಂತ್ರಣ ಮಂಡಳಿಗೆ, ಅಲ್ಲಿಂದ ಕೇಂದ್ರ ಸರ್ಕಾರದ ಮಟ್ಟಕ್ಕೆ ಹೋಗಬಹುದು. ಪತ್ರಿಕೆಯ ಬರಹವಾದರೆ ಮೊದಲು ಸಂಪಾದಕರಿಗೆ ಬರೆದು, ಉತ್ತರ ಸಮಾಧಾನ ತಾರದಿದ್ದರೆ ಆ ಪತ್ರದ ಪ್ರತಿ ಮತ್ತು ಪ್ರಕಟವಾದ ಪುಟದ ಮೂಲ ತುಣುಕನ್ನು ಲಗತ್ತಿಸಿ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬೇಕು.